ಗುಡ್ಡದ ಮೇಲೆ ಡ್ರೋನು, ಗುಡ್ಡದಷ್ಟು ಬುದ್ಧಿವಂತರು

ಗುಡ್ಡ ಹತ್ತುತ್ತಿದ್ದಂತೆ ಮನುಷ್ಯನಿಗೆ ಉಸಿರು ಕಡಿಮೆಯಾಗುತ್ತದೆ, ತಿಳುವಳಿಕೆ ಜಾಸ್ತಿಯಾಗುತ್ತದೆ. ಮೊಳಕಾಲ್ಮೂರು ಸುತ್ತಿನ ಕಲ್ಲುಗುಡ್ಡಗಳ ಮೇಲೆ ಏಳು ವರ್ಷದಿಂದ ಡ್ರೋನ್ ಹಾರಿಸುತ್ತಿದ್ದೇನೆ, ತಿಂಗಳಿಗೆ ಒಂದಾದರೂ ಇಂಥದ್ದು ಆಗದೆ ಹೋಗುವುದಿಲ್ಲ.

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮೊದಲು ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣ, ಸೀಮಂತ ಅಂತ ಇದ್ದವಳು, ಆಮೇಲೆ ತರಬೇತಿಗೆ ಹೋಗಿ, ಪರೀಕ್ಷೆ ಬರೆದು, ಲೈಸೆನ್ಸ್ ತಂದು ಡ್ರೋನ್ ಕೊಂಡೆ. ಅವತ್ತಿನಿಂದ ಊರಿನವರ ಬಾಯಲ್ಲಿ ನಾನು ಡ್ರೋನಕ್ಕ. ಹಾರಿಸುವ ಮುಂಚೆ ಗಾಳಿ ನೋಡಬೇಕು, ಗುಡ್ಡದ ಎತ್ತರ ನೋಡಬೇಕು, ಬ್ಯಾಟರಿ ನೋಡಬೇಕು, ಅಲ್ಲಿ ಹಾರಿಸಲು ಅನುಮತಿ ಇದೆಯಾ ನೋಡಬೇಕು ಅಂತ ತರಬೇತಿಯಲ್ಲಿ ಚೆನ್ನಾಗಿಯೇ ಹೇಳಿಕೊಟ್ಟರು. ಪಕ್ಕದಲ್ಲಿ ನಿಂತು ಸಲಹೆ ಕೊಡುವ ಗಂಡಸನ್ನು ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ಈ ಏಳು ವರ್ಷದಲ್ಲಿ ಡ್ರೋನ್ ನನ್ನ ಹಿಡಿತ ತಪ್ಪಿದ್ದು ಒಂದೇ ಸಲ. ಜನ ಹಿಡಿತ ತಪ್ಪಿದ್ದನ್ನು ಎಣಿಸುತ್ತಾ ಕೂರುವಷ್ಟು ಪುರುಸೊತ್ತು ನನಗಿಲ್ಲ.

ಗಾಳಿಯೇ ಇಲ್ಲದ ಗುಡ್ಡ

ಮದುವೆಗೆ ಮುಂಚಿನ ಫೋಟೋ ಶೂಟಿಂಗ್. ಹುಡುಗಿ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು ಗುಡ್ಡದ ನೆತ್ತಿ ಮೇಲೆ ನಿಂತಿದ್ದಳು. ಹುಡುಗ ಬಾಡಿಗೆ ಶೇರ್ವಾನಿಯಲ್ಲಿ ಬೆವರುತ್ತಿದ್ದ. ಜೊತೆಗೆ ಉಸ್ತುವಾರಿಗೆ ಅಂತ ಹುಡುಗನ ದೊಡ್ಡಪ್ಪ ಬಂದಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಬಾಯಲ್ಲಿ ಹಚ್ಚದ ಬೀಡಿ.

ನಾನು ಡ್ರೋನನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. "ಗಾಳಿ ಜಾಸ್ತಿ ಐತೆ ದೊಡ್ಡಪ್ಪಾ. ಸ್ವಲ್ಪ ತಡೀರಿ" ಅಂದೆ.

"ಎಲ್ಲೈತೆ ಗಾಳಿ?" ಅಂದರು.

"ನೀವು ಬಂಡೆ ಮರೆಯಾಗೆ ನಿಂತಿದೀರಿ, ಅದಕ್ಕೆ ಗೊತ್ತಾಗ್ತಿಲ್ಲ. ಆ ಅಂಚು ದಾಟಿದ್ರೆ ಕೆಳಗಿನ ಗಾಳಿ ಬಂಡೆಗೆ ಬಡ್ದು ಮ್ಯಾಲಕ್ಕೆ ಒದೀತದೆ. ಗುಡ್ಡದ ಆ ಕಡೆ ಹೋದ್ರೆ ಅದೇ ಗಾಳಿ ಕೆಳಕ್ಕೆ ಅದುಮ್ತದೆ. ಡ್ರೋನ್ ತಡಿಯಲ್ಲ."

"ನೋಡವ್ವಾ, ನಾನು ಈ ಗುಡ್ಡ ನೋಡ್ಕೋತ ಬೆಳ್ದೋನು. ನಂಗೇ ಗಾಳಿ ಪಾಠ ಹೇಳ್ತೀಯಾ?"

ಆ ಹೊತ್ತಿಗೆ ಹುಡುಗಿಯ ಸೆರಗು ಬಾವುಟದಂತೆ ನೆಟ್ಟಗೆ ನಿಂತಿತ್ತು. ಅದನ್ನು ಹಿಡಿಯಲು ಅವಳ ಅತ್ತೆಯಾಗುವವರು, ನಾದಿನಿಯಾಗುವವಳು ಇಬ್ಬರೂ ಜೋತುಬಿದ್ದಿದ್ದರು. ದೊಡ್ಡಪ್ಪನ ಕಣ್ಣಿಗೆ ಅದು ಕಾಣಲಿಲ್ಲ. "ಗಾಳಿ ಇಲ್ಲ ಅಂತ ಈಗ್ಲೇ ತೋರಿಸ್ತೀನಿ" ಅಂತ ಅಂಚಿನ ಬಂಡೆಗೆ ಹೋಗಿ, ಬೀಡಿ ಹಚ್ಚಲು ಕಡ್ಡಿ ಗೀರಿದರು. ಆರಿತು. ಇನ್ನೊಂದು ಗೀರಿದರು. ಆರಿತು. ಕೈ ಅಡ್ಡ ಹಿಡಿದು ಗೀರಿದರು, ತಿರುಗಿ ನಿಂತು ಗೀರಿದರು, ಕುಕ್ಕರಗಾಲಲ್ಲಿ ಕೂತು ಪಂಚೆ ಮರೆ ಮಾಡಿಕೊಂಡು ಗೀರಿದರು. ಶೂಟಿಂಗ್ ಬಿಟ್ಟು ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಕೊನೆಗೆ ಪೊಟ್ಟಣ ಖಾಲಿಯಾಯಿತು. ಖಾಲಿ ಪೊಟ್ಟಣವನ್ನು ಕೈಯಿಂದ ಗಾಳಿಯೇ ಕಿತ್ತುಕೊಂಡು ಹೋಯಿತು.

ದೊಡ್ಡಪ್ಪ ಬಂಡೆ ಇಳಿದು ಬಂದು, ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು:

"ಕಡ್ಡಿ ತಂಡಿ ಹಿಡ್ದವೆ."

ನಮ್ಮ ಕಡೆ ಮಳೆ ಬಿದ್ದು ಎಂಟು ತಿಂಗಳಾಗಿತ್ತು.

ತಾನೇ ಮನೆಗೆ ಬರುವ ಡ್ರೋನು

ಚಳ್ಳಕೆರೆಯಲ್ಲಿ ಇನ್ನೊಬ್ಬ ಡ್ರೋನಿನವನಿದ್ದಾನೆ. ತರಬೇತಿ, ಪರೀಕ್ಷೆ ಯಾವುದೂ ಇಲ್ಲ, ಮೊಬೈಲಿನಲ್ಲಿ ವೀಡಿಯೋ ನೋಡಿಯೇ ಪೈಲಟ್ ಆದವನು. ಕಪ್ಪು ಕನ್ನಡಕ, ಎದೆ ಮೇಲೆ ವಿಮಾನದ ಚಿತ್ರ ಇರುವ ಟೀ ಶರ್ಟು. ನಾನು ಹತ್ತು ಮದುವೆ ವೀಡಿಯೋ ಮಾಡಿಕೊಟ್ಟರೂ ನನ್ನ ಮಾತು ಕೇಳದ ಜನ, ಆ ಟೀ ಶರ್ಟು ನೋಡಿ ಅವನನ್ನು "ಸಾರ್" ಅನ್ನುತ್ತಾರೆ.

ಒಂದು ದಿನ ಒಂದೇ ಗುಡ್ಡದ ಹತ್ತಿರ ಇಬ್ಬರಿಗೂ ಕೆಲಸ ಬಿತ್ತು. ಅವನು ಡ್ರೋನನ್ನು ಗುಡ್ಡದ ಬುಡದಿಂದ ಎಬ್ಬಿಸಿ, ಪಕ್ಕದಿಂದ ಸುತ್ತು ಹಾಕಿಸಿ ಆ ಕಡೆಗೆ ಕಳಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಗುಡ್ಡದ ಮರೆಗೆ ಹೋದ್ರೆ ಸಿಗ್ನಲ್ ಹೋಗ್ತದೆ ಕಣಪ್ಪಾ. ವಾಪಸ್ ಬರೋ ಎತ್ತರ ಎಷ್ಟಿಟ್ಟಿದೀಯ?"

"ಕಂಪನಿಯಿಂದ ಎಷ್ಟು ಬಂದೈತೋ ಅಷ್ಟೇ ಅಕ್ಕ. ಮೂವತ್ತು ಮೀಟರ್."

"ಗುಡ್ಡ ಅದರ ಮೂರು ಪಟ್ಟು ಐತಲ್ಲೋ! ಅದು ನೆಟ್ಟಗೆ ವಾಪಸ್ ಬಂದ್ರೆ ಏನ್ ಗತಿ?"

ಅವನು ಕನ್ನಡಕ ತೆಗೆದು ನನ್ನನ್ನು ಕರುಣೆಯಿಂದ ನೋಡಿದ. "ಅಕ್ಕಾ, ಇದು ನಿಮ್ಮ ಹಳೇ ಮಾಡೆಲ್ ಅಲ್ಲ. ಇದಕ್ಕೆ ಬುದ್ಧಿ ಐತೆ. ಸಿಗ್ನಲ್ ಹೋದ್ರೆ ತಾನೇ ಮನೆಗೆ ಬರ್ತದೆ."

ಬುದ್ಧಿ ಇದ್ದದ್ದು ನಿಜ. ಅಡ್ಡ ಏನಾದರೂ ಬಂದರೆ ನಿಲ್ಲುವ ಸೆನ್ಸರ್ ಅದರಲ್ಲಿತ್ತು. ಅದನ್ನು, "ಸ್ಪೀಡ್ ಸಿಗಲ್ಲ" ಅಂತ ಇವನೇ ಬೆಳಿಗ್ಗೆ ಬಂದ್ ಮಾಡಿದ್ದ.

ಸಿಗ್ನಲ್ ಹೋಯಿತು. ಅವನು ಕೈಕಟ್ಟಿ ಆಕಾಶ ನೋಡುತ್ತಾ ನಿಂತ, ಅವನನ್ನು ಕರೆಸಿದ್ದ ಪಾರ್ಟಿಯವರೂ ಆಕಾಶ ನೋಡುತ್ತಾ ನಿಂತರು. ನಾನು ಮಾತ್ರ ಗುಡ್ಡ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ "ಟಪ್" ಅಂತ ಒಂದು ಸದ್ದು ಬಂತು. ಹಿಂದೆಯೇ ಕುರಿಗಳು ಕೂಗಿದವು.

ಸುತ್ತು ಬಳಸಿ ಆ ಕಡೆ ಹೋದೆವು. ಕುರಿ ಕಾಯುವ ಯಜಮಾನನೊಬ್ಬ ಹೆಗಲ ಮೇಲಿನ ಕಂಬಳಿಯನ್ನು ನೆಲಕ್ಕೆ ಹಾಸಿ, ಡ್ರೋನಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅದರ ಮೇಲೆ ಇಡುತ್ತಿದ್ದ. ಪುಣ್ಯಕ್ಕೆ ಅವನಿಗಾಗಲಿ ಕುರಿಗಾಗಲಿ ಏನೂ ಆಗಿರಲಿಲ್ಲ. ನಮ್ಮನ್ನು ನೋಡಿ, "ಯಾರ್ದು ಸಾಮಿ ಇದು? ಗುಡ್ಡಕ್ಕೆ ಬಂದು ಹಾಯ್ತಲ್ಲ. ಇದ್ಕೆ ಕಣ್ಣಿಲ್ವಾ?" ಅಂತ ಕೇಳಿದ.

ಪೈಲಟ್ ಸಾಹೇಬನಿಗೆ ಅಷ್ಟು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕಿತ್ತು. "ಮ್ಯಾಪಿನಾಗೆ ಈ ಗುಡ್ಡ ತೋರಿಸ್ಲೇ ಇಲ್ಲ ಯಜಮಾನ್ರೇ" ಅಂದ.

ಯಜಮಾನ ಗುಡ್ಡವನ್ನು ಬುಡದಿಂದ ನೆತ್ತಿಯವರೆಗೂ ಒಂದು ಸಲ ನೋಡಿದ. ಆಮೇಲೆ ಇವನನ್ನು ನೋಡಿದ.

"ನಮ್ಮಪ್ಪನ ಕಾಲ್ದಿಂದ ಇಲ್ಲೇ ಐತೆ ಸಾಮಿ. ನಿನ್ನೆ ಮೊನ್ನೆ ಯಾರೂ ತಂದಿಟ್ಟಿಲ್ಲ."

ಆಂಧ್ರಕ್ಕೆ ಹೋಗಿ ಬಂದದ್ದು

ಬೇರೆಯವರನ್ನೇ ಆಡಿಕೊಂಡರೆ ತಪ್ಪಾಗುತ್ತದೆ. ನನ್ನದೂ ಒಂದು ಇದೆ. ಲೈಸೆನ್ಸ್ ಬಂದ ಹೊಸತು, ಕಾಲು ನೆಲದ ಮೇಲೆ ಇರಲಿಲ್ಲ.

ಮೊಳಕಾಲ್ಮೂರಿನಿಂದ ಆಚೆ, ಗಡಿ ಕಡೆಯ ಒಂದು ಗುಡ್ಡ. ಡ್ರೋನ್ ಎಷ್ಟು ದೂರ ಹೋಗುತ್ತದೆ ನೋಡೋಣ ಅಂತ ಪೂರ್ವಕ್ಕೆ ಬಿಟ್ಟೆ. ಬೆನ್ನಿಗೆ ಗಾಳಿ. ಏನು ವೇಗ, ಏನು ಸೊಗಸು! ಅರ್ಧ ಬ್ಯಾಟರಿ ಮುಗಿದಾಗ ತಿರುಗಿಸಿದೆ. ಅರ್ಧದಲ್ಲಿ ಹೋಗಿದೆ, ಇನ್ನರ್ಧದಲ್ಲಿ ಬರುತ್ತದೆ ಎನ್ನುವುದು ನನ್ನ ಲೆಕ್ಕ. ಹೋಗುವಾಗ ತಳ್ಳಿದ ಗಾಳಿ ಬರುವಾಗ ಎದೆಗೆ ಒದೆಯುತ್ತದೆ ಅಂತ ಪರೀಕ್ಷೆಯಲ್ಲಿ ನಾನೇ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಅಂಕ ಪಟ್ಟಿ ಮನೆಯಲ್ಲಿತ್ತು.

ಡ್ರೋನ್ ಎದುರು ಗಾಳಿಯಲ್ಲಿ ನಿಂತಲ್ಲೇ ಈಜುತ್ತಿತ್ತು. ಬ್ಯಾಟರಿ ಇಳಿಯುತ್ತಾ ಬಂತು. ಬೀಳಿಸುವುದಕ್ಕಿಂತ ಇಳಿಸುವುದೇ ವಾಸಿ ಅಂತ ಪರದೆಯಲ್ಲಿ ಖಾಲಿ ಜಾಗ ಹುಡುಕಿ, ಒಂದು ಶೇಂಗಾ ಹೊಲದ ಬದುವಿನ ಮೇಲೆ ಇಳಿಸಿದೆ. ಆ ಹೊಲ ಆಂಧ್ರದಲ್ಲಿತ್ತು.

ಸ್ಕೂಟರ್ ಹತ್ತಿ, ಕೇಳುತ್ತಾ ಕೇಳುತ್ತಾ ಹೋಗಿ ಹೊಲ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬದುವಿನ ಮೇಲೆ ಡ್ರೋನ್ ಇರಲಿಲ್ಲ. ಇರುವುದೊಂದೇ ಡ್ರೋನು, ಅದೂ ಸ್ಟುಡಿಯೋದ ಅರ್ಧ ಸಾಮಾನು ಮಾರಿ ಕೊಂಡಿದ್ದು. ಅಳು ಬರುವಂತಾಯಿತು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಎಗಿರೇದಿ, ಅದಿ ಮೀದೇನಾ?" ಅಂದಳು. ಹಾರುವುದು, ಅದು ನಿಮ್ಮದಾ ಅಂತ.

"ಹೂಂ ಅಕ್ಕಾ, ನಂದೇ. ಎಲ್ಲೈತೆ?" ಅಂದೆ. ನನ್ನ ಕನ್ನಡ ಅವಳಿಗೆ ಅರ್ಥವಾಯಿತು, ಅವಳ ತೆಲುಗು ನನಗೆ ಅರ್ಥವಾಯಿತು. ಈ ಗಡಿಯಲ್ಲಿ ಅದೊಂದು ಅನುಕೂಲ.

ಅವಳು ಹುಣಸೆ ಮರದ ಕೆಳಗೆ ಕರೆದುಕೊಂಡು ಹೋದಳು. ಅಲ್ಲಿ ಕೋಳಿ ಮುಚ್ಚುವ ದೊಡ್ಡ ಬುಟ್ಟಿಯೊಂದು ಬೋರಲು ಬಿದ್ದಿತ್ತು, ಅದರ ಮೇಲೆ ಒಂದು ಕಲ್ಲು. ಪಕ್ಕದಲ್ಲಿ ಒಂದು ಬಟ್ಟಲು ನೀರು. ಸಂದಿಯಿಂದ ಇಣುಕಿದರೆ ಒಳಗೆ ನನ್ನ ಡ್ರೋನು ಕೂತಿತ್ತು. ಒಂದು ಗೀರೂ ಆಗಿರಲಿಲ್ಲ.

ನಾನು ಸಂತೋಷಕ್ಕೆ ಬುಟ್ಟಿಯನ್ನು ಗಬಕ್ಕನೆ ಎತ್ತಲು ಹೋದೆ. ಅವಳು ನನ್ನ ಕೈ ಮೇಲೆ ಪಟ್ಟಂತ ಹೊಡೆದು, ನನಗೆ ಚೆನ್ನಾಗಿ ನಾಟಲಿ ಅಂತ ಈ ಸಲ ಕನ್ನಡ ಬೆರೆಸಿಯೇ ಬೈದಳು.

"ಮೆಲ್ಲಗಾ! ಮೊದಲು ಕಾಲು ಹಿಡ್ಕೋ. ಒಂದು ಸಲ ತಪ್ಪಿಸ್ಕೊಂಡ್ರೂ ನಿಂಗೆ ಬುದ್ಧಿ ಬರ್ಲಿಲ್ವಾ?"

ನಮ್ಮೂರ ಆಕಾಶ

ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿದ್ದ ಮುಖಂಡರೊಬ್ಬರಿಗೆ ತಮ್ಮದೊಂದು ವೀಡಿಯೋ ಬೇಕಿತ್ತು. ಅವರು ಗುಡ್ಡದ ನೆತ್ತಿ ಮೇಲೆ ಕೈಮುಗಿದು ನಿಂತಿರಬೇಕು, ಡ್ರೋನು ಅವರ ತಲೆ ಮೇಲಿಂದ ಹಾದು, ವರವು ಕಾವಲ್ ಕಡೆಯ ಹುಲ್ಲುಗಾವಲನ್ನೆಲ್ಲ ತೋರಿಸಬೇಕು. "ಇಷ್ಟೂ ನಾಡು ನನ್ನ ಹಿಂದೆ ಐತೆ ಅನ್ನೋ ಥರಾ" ಅಂದರು.

ನಾನು ಮೊಬೈಲಿನಲ್ಲಿ ನಕ್ಷೆ ತೋರಿಸಿದೆ. ಅವರು ಬೆರಳಿಟ್ಟ ಜಾಗ ಕೆಂಪಗಿತ್ತು. "ಅದು ರಕ್ಷಣಾ ಇಲಾಖೆ ಜಾಗ ಸಾರ್. ಕೆಂಪು ಇದ್ದಲ್ಲಿ ಅನುಮತಿ ಇಲ್ಲದೆ ಹಾರಿಸೋ ಹಂಗಿಲ್ಲ."

"ನಮ್ಮೂರ ಆಕಾಶಕ್ಕೆ ಯಾರ್ದಮ್ಮಾ ಅನುಮತಿ?"

"ನಕ್ಷೆ ನಾನ್ ಮಾಡಿಲ್ಲ ಸಾರ್."

ಜೊತೆಯಲ್ಲಿದ್ದ ಹನ್ನೆರಡು ಹಿಂಬಾಲಕರು ನನ್ನನ್ನು ಕೆಂಗಣ್ಣಿನಿಂದ ನೋಡಿದರು. ಒಬ್ಬ, "ಅಣ್ಣನಿಗೇ ಇಲ್ಲ ಅಂತೀಯಾ?" ಅಂದ. ಅಣ್ಣ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ, ಕಿಸೆಯಿಂದ ಫೋನ್ ತೆಗೆದರು. "ಅಲ್ಲಿ ಒಳಗಡೆ ನಮ್ ಹುಡುಗ ಅದಾನೆ. ಭಾಳ ಮ್ಯಾಲಿನ ಪೋಸ್ಟು. ಒಂದು ಮಾತು ಹೇಳಿದ್ರೆ ಮುಗೀತು. ಎಲ್ಲಾರೂ ಕೇಳ್ರಿ" ಅಂತ ಸ್ಪೀಕರ್ ಹಾಕಿದರು.

ಫೋನ್ ಎತ್ತಿದ ದನಿಯ ಹಿಂದೆ ಪಾತ್ರೆ ಬಡಿಯುವ ಸದ್ದು ಜೋರಾಗಿತ್ತು.

"ಹೇಳಣ್ಣಾ, ಬೇಗ. ಕೈಯಾಗೆ ಸಾರಿನ ಸೌಟು ಐತೆ."

ಅಣ್ಣ ಗಂಟಲು ಸರಿಮಾಡಿಕೊಂಡರು. "ಏನಿಲ್ಲಪ್ಪಾ, ನಿಮ್ ಕಡೆ ಒಂದು ಡ್ರೋನ್ ಬಿಡ್ತೀವಿ. ನೀನು ಸ್ವಲ್ಪ ದೊಡ್ಡೋರಿಗೆ ನನ್ನ ಹೆಸ್ರು ಹೇಳ್ಬಿಡು."

ಆ ಕಡೆ ಪಾತ್ರೆ ಸದ್ದೂ ನಿಂತಿತು.

"ಅಣ್ಣಾ, ನಿಂಗೆ ಕೈಮುಗೀತೀನಿ. ಡ್ರೋನ್ ಬಿಟ್ಟು ಸಿಕ್ಕಾಕ್ಕೊಂಡ್ರೆ ನನ್ನ ಹೆಸ್ರು ಮಾತ್ರ ಎಲ್ಲೂ ಹೇಳ್ಬ್ಯಾಡ. ಕ್ಯಾಂಟೀನ್ ಕೆಲ್ಸ ಸಿಕ್ಕಿ ಇನ್ನಾ ತಿಂಗಳಾಗಿಲ್ಲ."

ಅಣ್ಣ ಫೋನ್ ಕಿಸೆಗೆ ಹಾಕಿಕೊಂಡು ಒಂದು ಸಲ ಹುಲ್ಲುಗಾವಲು ನೋಡಿದರು. ಆಮೇಲೆ ಪೂರ್ತಿ ಆ ಕಡೆಗೆ ಬೆನ್ನು ತಿರುಗಿಸಿ ನಿಂತು, "ಈ ಕಡೆ ಲೈಟಿಂಗ್ ಚೆನ್ನಾಗೈತೆ, ಅಲ್ವೇನಮ್ಮಾ?" ಅಂದರು. ಹನ್ನೆರಡು ಜನರೂ ಹೌದು ಅಂದರು.

ಹೆಜ್ಜೇನು ಮತ್ತು ಮೇಷ್ಟ್ರು

ಇದು ಚಿಕ್ಕದು. ಕಾಲೇಜಿನ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಗುಡ್ಡಕ್ಕೆ ಕರೆತಂದಿದ್ದರು. ಬಂಡೆಯ ಹೊಟ್ಟೆಗೆ ಜೋತುಬಿದ್ದ ಹೆಜ್ಜೇನು ಹುಟ್ಟುಗಳನ್ನು ಡ್ರೋನಿನಿಂದ ಹತ್ತಿರದಲ್ಲಿ ತೆಗೆಯಬೇಕಂತೆ. ನಾನು ಸುತರಾಂ ಒಪ್ಪಲಿಲ್ಲ. ರೆಕ್ಕೆ ಸದ್ದಿಗೆ ಜೇನು ಎದ್ದರೆ ಡ್ರೋನಿಗೆ ಏನೂ ಆಗುವುದಿಲ್ಲ, ಕೆಳಗೆ ನಿಂತವರ ಗತಿ ಮುಗಿಯಿತು, ಗುಡ್ಡದ ಮೇಲೆ ಓಡಲು ಜಾಗವೂ ಇರುವುದಿಲ್ಲ ಅಂದೆ.

ಮೇಷ್ಟ್ರು ನಕ್ಕರು. ವಿದ್ಯಾರ್ಥಿಗಳ ಕಡೆ ತಿರುಗಿ, "ನೋಡಿ, ಇದಕ್ಕೆ ಅಜ್ಞಾನದ ಭಯ ಅಂತಾರೆ. ಜೇನು ಬಂದರೆ ಅಲ್ಲಾಡದೆ ನಿಲ್ಲಬೇಕು. ಗಾಬರಿ ಆಗಬಾರದು. ಅವು ನಮ್ಮನ್ನು ಮರ ಅಂದುಕೊಂಡು ಹೋಗುತ್ತವೆ" ಅಂತ ಕಾಲು ಗಂಟೆ ಪಾಠ ಮಾಡಿದರು. ಮಕ್ಕಳು ಬರೆದುಕೊಂಡರು.

ಅಷ್ಟರಲ್ಲಿ ಎಲ್ಲಿಂದಲೋ ಒಂದೇ ಒಂದು ಜೇನುಹುಳ ಬಂದು ಮೇಷ್ಟ್ರ ಕಿವಿ ಹತ್ತಿರ ಗುಂಯ್ ಅಂತು. ಕನ್ನಡಕ ಒಂದು ಕಡೆ, ಚಪ್ಪಲಿ ಒಂದು ಕಡೆ. ಅವರು ಗುಡ್ಡದ ಬುಡದಲ್ಲಿದ್ದ ಬಸ್ಸಿನ ತನಕ ನಿಲ್ಲಲೇ ಇಲ್ಲ.

ನಲವತ್ತು ಮಕ್ಕಳೂ ಪಾಪ, ಮರದಂತೆ ನಿಂತಿದ್ದರು.

ಕುರ್ಚಿ ಮೇಲೆ ಬಂದ ಯಜಮಾನರು

ಕೊಂಡ್ಲಹಳ್ಳಿ ಕಡೆಯ ಒಂದು ದೊಡ್ಡ ಮನೆತನ. ವರ್ಷಕ್ಕೊಂದು ಸಲ ಎಲ್ಲರೂ ಸೇರಿ ಗುಡ್ಡದ ಮೇಲಿನ ಮನೆದೇವರಿಗೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಂಡು ಬರುತ್ತಾರೆ. ಆ ವರ್ಷ ಮೇಲಿನಿಂದ ಇಡೀ ಮನೆತನದ ವೀಡಿಯೋ ತೆಗೆಯಲು ನನ್ನನ್ನು ಕರೆದಿದ್ದರು.

ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಎರಡೂ ಮಂಡಿ ಹೋಗಿವೆ, ಒಂದು ಹೆಜ್ಜೆಯೂ ಇಡಲಾಗುವುದಿಲ್ಲ ಅಂತ ಹೇಳಿದರು. ಅದಕ್ಕೆ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ, ನಾಲ್ಕು ಜನ ಮೊಮ್ಮಕ್ಕಳು ಹೊತ್ತುಕೊಂಡು ಹತ್ತಿದರು. ಎಲ್ಲಾ ಗಟ್ಟಿ ಆಳುಗಳೇ, ಅರ್ಧ ಗುಡ್ಡಕ್ಕೇ ನಾಲಿಗೆ ಹೊರಗೆ ಬಂದಿತ್ತು. ಯಜಮಾನರು ಮಾತ್ರ ಮೇಲೆ ಕೂತು, "ಲೇ, ಎಡಕ್ಕೆ ವಾಲ್ತಿದೀರಿ... ಲೇ, ಕುಲುಕಬ್ಯಾಡ್ರೋ, ಮಂಡಿ ಸಿಡೀತದೆ" ಅಂತ ದಾರಿಯುದ್ದಕ್ಕೂ ಬೈಯುತ್ತಿದ್ದರು. ಅವರ ಹೆಂಡತಿ, ಅಷ್ಟೇ ವಯಸ್ಸಿನ ಅಜ್ಜಿ, ತಲೆ ಮೇಲೆ ರೊಟ್ಟಿ ಗಂಟು ಹೊತ್ತುಕೊಂಡು ಒಂದು ಮಾತೂ ಆಡದೆ ಎಲ್ಲರಿಗಿಂತ ಮುಂದೆ ಹತ್ತಿದಳು.

ಮೇಲೆ ಹೋದ ಮೇಲೆ ಕುರ್ಚಿಯನ್ನು ಮರದ ನೆರಳಿಗೆ ಇಟ್ಟರು. ಯಜಮಾನರು ನನ್ನ ಡ್ರೋನ್ ನೋಡಿ, "ಇದೇನು, ಮಕ್ಕಳ ಆಟದ ಸಾಮಾನು ಇದ್ದಂಗೈತೆ. ಇದ್ರಿಂದ ಏನ್ ಉಪಯೋಗ? ಹೆಣ್ಮಕ್ಳು ಮಾಡೋ ಕೆಲ್ಸ ಏನವ್ವಾ ಇದು?" ಅಂದರು. ನಾನು ನಕ್ಕು ಬ್ಯಾಟರಿ ಹಾಕಿದೆ. ಕುರ್ಚಿ ಮೇಲೆ ಗುಡ್ಡ ಹತ್ತಿದವರ ಹತ್ತಿರ ಏನು ವಾದ?

ಊಟಕ್ಕೆ ಕರೆಯಲು ಹೋದರೆ ಕುರ್ಚಿ ಖಾಲಿ.

ಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೂಗಿದರು, ಉತ್ತರ ಇಲ್ಲ. ಬಂಡೆ ಸಂದಿ, ಗುಡಿ ಹಿಂದೆ ಎಲ್ಲಾ ನೋಡಿದರು, ಇಲ್ಲ. ಆಗ ಎಲ್ಲರ ಮುಖ ಕಪ್ಪಿಟ್ಟಿತು. ನಡೆಯಲಾಗದ ಮನುಷ್ಯ, ಸುತ್ತ ಪ್ರಪಾತ, ಗವಿಗಳಲ್ಲಿ ಕರಡಿ ಇರುವುದು ಎಲ್ಲರಿಗೂ ಗೊತ್ತು. ದೊಡ್ಡ ಸೊಸೆ ಅಳಲು ಶುರುಮಾಡಿದಳು. ಹಿರಿಯ ಮಗ ನನ್ನ ಹತ್ತಿರ ಓಡಿಬಂದು, "ತಾಯಿ, ನಿಮ್ ಮಿಷನ್ ಬಿಡಿ, ಹೆಂಗಾದ್ರೂ ಮಾಡಿ ನಮ್ಮಪ್ಪನ್ನ ಹುಡುಕ್ರಿ" ಅಂತ ಕೈಮುಗಿದ.

ಉಳಿದಿದ್ದು ಒಂದೇ ಬ್ಯಾಟರಿ. ನಿಂತಲ್ಲಿಂದಲೇ ಹಾರಿಸಿದರೆ ಗುಡ್ಡದ ಆ ಬದಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೆ ಎರಡೂ ಕಡೆ ಕಾಣುವಂತೆ ನೆತ್ತಿಯ ಬಂಡೆ ಹತ್ತಿ, ಅಲ್ಲಿಂದ ಎಬ್ಬಿಸಿದೆ. ಇಡೀ ಮನೆತನ ನನ್ನ ಬೆನ್ನಿಗೆ ಬಿದ್ದು ಪರದೆ ನೋಡುತ್ತಿತ್ತು. "ಇನ್ನಾ ಕೆಳಗೆ ಬಿಡ್ರಿ", "ಪ್ರಪಾತದಾಗೆ ನೋಡ್ರಿ" ಅಂತ ಒಬ್ಬೊಬ್ಬರು ಒಂದೊಂದು. ನಾನು ಯಾರ ಮಾತನ್ನೂ ಕೇಳದೆ ಬಂಡೆಗಳ ಮೇಲೆ ಎತ್ತರದಲ್ಲೇ ನಿಧಾನಕ್ಕೆ ಸಾಗಿಸಿದೆ. ಪ್ರಪಾತದ ಬುಡದಲ್ಲಿ ಏನೂ ಇರಲಿಲ್ಲ. ಕ್ಯಾಮೆರಾ ತಿರುಗಿಸಿದೆ.

"ಅಗೋ, ಬಿಳೀದು!" ಅಂತ ಯಾರೋ ಕೂಗಿದರು.

ಪಕ್ಕದ ಗುಡ್ಡದ ಓರೆಯಲ್ಲಿ, ಸೀತಾಫಲದ ಗಿಡಗಳ ಮಧ್ಯೆ, ಒಂದು ಬಿಳಿ ಪಂಚೆ. ಹತ್ತಿರ ತಂದೆ. ಯಜಮಾನರೇ! ಪಂಚೆ ಎತ್ತಿ ಕಟ್ಟಿದ್ದಾರೆ. ಹೆಗಲ ಮೇಲಿನ ಟವೆಲ್ ಜೋಳಿಗೆಯಾಗಿದೆ, ಅದರ ತುಂಬ ಹಣ್ಣು. ಒಂದು ಬಂಡೆಯಿಂದ ಇನ್ನೊಂದಕ್ಕೆ ಚಂಗನೆ ನೆಗೆದರು. ಅಲ್ಲಿಂದ ಮತ್ತೊಂದಕ್ಕೆ ನೆಗೆದರು. ತುದಿಗಾಲಲ್ಲಿ ನಿಂತು ಕೊಂಬೆ ಜಗ್ಗಿ ಒಂದು ಹಣ್ಣು ಕಿತ್ತು, ಅಲ್ಲೇ ಬಿಚ್ಚಿ ತಿಂದು, ಬೀಜವನ್ನು ದೂರಕ್ಕೆ ಉಗಿದರು.

ಬೆನ್ನ ಹಿಂದಿನ ಅಳು ನಿಂತಿತು. ಕುರ್ಚಿ ಹೊತ್ತ ನಾಲ್ವರಲ್ಲಿ ಒಬ್ಬ ಮೆಲ್ಲಗೆ ತನ್ನ ಹೆಗಲು ತಿಕ್ಕಿಕೊಂಡ.

ಅಷ್ಟರಲ್ಲಿ ಡ್ರೋನಿನ ಸದ್ದು ಕೇಳಿ ಯಜಮಾನರು ತಲೆ ಎತ್ತಿದರು. ಕ್ಯಾಮೆರಾದೊಳಕ್ಕೇ ನೆಟ್ಟಗೆ ನೋಡಿದರು. ಒಂದು ಕ್ಷಣ ಕಲ್ಲಾದರು. ಆಮೇಲೆ ನಾವೆಲ್ಲ ನೋಡುತ್ತಿರುವಂತೆಯೇ, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಬಲಗೈಯಲ್ಲಿ ಮಂಡಿ ಹಿಡಿದು, ಮುಖ ಕಿವುಚಿ, ನಿಧಾನಕ್ಕೆ ಬಂಡೆ ಮೇಲೆ ಕೂತರು. ಕೂತವರು ಡ್ರೋನಿನ ಕಡೆ ಕೈ ಬೀಸಿ, "ಕುರ್ಚಿ ಕಳಿಸ್ರಿ" ಅಂತ ಸನ್ನೆ ಮಾಡಿದರು.

ನಾಲ್ಕು ಜನ ಮೊಮ್ಮಕ್ಕಳೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಕುರ್ಚಿ ಮುಟ್ಟಲಿಲ್ಲ. ಊಟಕ್ಕೆ ಕೂತರು.

ಅಜ್ಜಿ ಮಾತ್ರ ಪರದೆ ಬಿಟ್ಟು ಅಲ್ಲಾಡಿರಲಿಲ್ಲ. ಅವಳಾಗಿ ಬಾಯಿ ಬಿಟ್ಟಿದ್ದು ಆಗಲೇ. "ಹನ್ನೆರಡು ವರ್ಷ ಆತು ಕಣವ್ವಾ. ಮಂಡಿ ನೋವು ಅಂತ ಕೂತಲ್ಲಿಗೇ ಚೊಂಬು ನೀರು, ಕೂತಲ್ಲಿಗೇ ಊಟ, ಕೂತಲ್ಲಿಗೇ ಎಲೆಅಡಿಕೆ. ಎಲ್ಲಾ ನಾನೇ ತಂದುಕೊಡ್ತೀನಿ. ನಾನು ಹೊಲಕ್ಕೆ ಹೋದಾಗ ಅಟ್ಟದ ಮ್ಯಾಲಿನ ಬೆಲ್ಲದ ಡಬ್ಬಿ ಹೆಂಗೆ ಖಾಲಿ ಆಗ್ತದೆ ಅಂತ ಮಾತ್ರ ಗೊತ್ತಾಗ್ತಿರ್ಲಿಲ್ಲ."

ನಾನು ಡ್ರೋನನ್ನು ಇಳಿಸಿ, ರೆಕ್ಕೆ ಮಡಿಸಿ, ಪೆಟ್ಟಿಗೆಗೆ ಇಡುತ್ತಿದ್ದೆ. ಅಜ್ಜಿ ಹತ್ತಿರ ಬಂದು ಕೂತು, ಅದನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿ, ಯಾರಿಗೂ ಕೇಳದಂತೆ ನನ್ನ ಕಿವಿಯಲ್ಲಿ ಕೇಳಿದಳು:

"ಇದು ಮನೆ ಒಳಗೂ ಹಾರ್ತದೇನವ್ವಾ?"